ಕುಂಬಿಯೂ ಕವಚವೂ: ಯೋಧನ ರಕ್ಷಣೆಯನ್ನು ಕುರಿತ ನಮ್ಮ ವ್ಯಾಖ್ಯಾನದ ಒಂದು ವಿಮರ್ಶೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಸೇವೆಮಾಡುವ ಸಭಾಪಾಲಕರಿಗೆ ಎರಡು ವಸ್ತುಗಳು ಚಿರಪರಿಚಿತವಾಗಿವೆ. ಒಂದು, ಊರ ಹೊರಗಿನ ವೀರಗಲ್ಲು. ಇನ್ನೊಂದು, ಮಣ್ಣಿನ ಮಾಳಿಗೆಮನೆಯ ಕುಂಬಿ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ. ಅದರ ಮೇಲೆ ಮಡಿದವನನ್ನು ದೇವಕನ್ಯೆಯರು ಕೊಂಡೊಯ್ಯುವ ಚಿತ್ರವಿರುತ್ತದೆ. ಹಾಗೆ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯನ್ನು ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆಯುತ್ತವೆ. ವೀರಗಲ್ಲು ಮರಣದ ನಂತರದ ಗೌರವ. ಕುಂಬಿ ಮರಣಕ್ಕೆ ಮುಂಚಿನ ಎಚ್ಚರಿಕೆ. ಯುದ್ಧಕಾಲದಲ್ಲಿ ಯೋಧನ ಮೈಗಾವಲಿನ ವಿಷಯವಾಗಿ ನಡೆದಿರುವ ಚರ್ಚೆಯನ್ನೂ ಅದಕ್ಕೆ ನಮ್ಮ ಪ್ರಸಂಗಪೀಠವು ಕೊಡುತ್ತಿರುವ ಉತ್ತರವನ್ನೂ ಈ ಎರಡರ ಬೆಳಕಿನಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಮೊದಲು ಚರ್ಚೆಯ ಸಂಗತಿ. ನಮ್ಮ ದೇಶದ ಸೇನೆಗೆ 1,86,138 ಗುಂಡುನಿರೋಧಕ ಕವಚಗಳು ಬೇಕೆಂಬ ಬೇಡಿಕೆ 2009ರಲ್ಲಿಯೇ ಸರ್ಕಾರದ ಮುಂದಿತ್ತು. ಪರೀಕ್ಷೆಗೆ ಬಂದ ಮಾದರಿಗಳು ತೇರ್ಗಡೆಯಾಗದೆ ಖರೀದಿ ತಡವಾಯಿತು. ಕೊರತೆ ನೀಗಿಸಲು 2016ರಲ್ಲಿ 50,000 ಕವಚಗಳನ್ನು ತುರ್ತಾಗಿ ಕೊಳ್ಳಬೇಕಾಯಿತು. ಮೂಲ ಬೇಡಿಕೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರ ಏಪ್ರಿಲಿನಲ್ಲಿ, 639 ಕೋಟಿ ರೂಪಾಯಿಗೆ. ಲೆಕ್ಕ ಹಾಕಿದರೆ ಒಂದು ಕವಚಕ್ಕೆ ಸುಮಾರು 34,000 ರೂಪಾಯಿ. ಇಷ್ಟನ್ನು ನಿಶ್ಚಯಿಸಲು ಒಂಬತ್ತು ವರ್ಷಗಳು ಹಿಡಿದವು.

ಕವಚದ ವಿಷಯದಲ್ಲಿ ಎದ್ದಿರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಅದು ಭಾರವಾಗಿ ಯೋಧನ ಚುರುಕನ್ನು ಕುಂದಿಸುತ್ತದೆ ಎಂಬುದು ಒಂದು. ವೆಚ್ಚ ಹೆಚ್ಚು ಎಂಬುದು ಎರಡನೆಯದು. ಇವೆರಡನ್ನು ತಜ್ಞರು ತೂಗಲಿ. ಮೂರನೆಯದು ನಮ್ಮದೇ ಆದದ್ದು: ದೇವರಲ್ಲಿ ಭರವಸವಿಟ್ಟವನಿಗೆ ಲೋಹದ ಕವಚವೇಕೆ, ದಾವೀದನು ಸೌಲನ ಕವಚವನ್ನು ತೆಗೆದಿಡಲಿಲ್ಲವೇ ಎಂಬ ಬೋಧನೆ. ಇದನ್ನು ಕೇಳದ ಸಭೆ ವಿರಳ. ನಾವೂ ಹೀಗೆ ಪ್ರಸಂಗಿಸಿದ್ದೇವೆ. ಆದುದರಿಂದ ಈ ವಿಮರ್ಶೆ ಮೊದಲು ನಮಗೇ ಸಲ್ಲಬೇಕು.

1 ಸಮುವೇಲ 17ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಈ ಬೋಧನೆಗೆ ಆಧಾರ ಸಿಕ್ಕುವುದಿಲ್ಲ. ದಾವೀದನು ಕವಚವನ್ನು ಬಿಡುವುದಕ್ಕೆ ಕೊಡುವ ಕಾರಣ ನಂಬಿಕೆಯಲ್ಲ, ಅಭ್ಯಾಸವಿಲ್ಲದಿರುವುದು. ಅದನ್ನು ತೊಟ್ಟು ನಡೆದು ನೋಡಿದನು, ಆಗಲಿಲ್ಲ, ತೆಗೆದಿಟ್ಟನು. ಇಂದಿನ ಯೋಧನು ಭಾರದ ಬಗ್ಗೆ ಹೇಳುವ ಮಾತೂ ಇದೇ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಾವು ಗಮನಿಸದೆ ಹೋಗಿದ್ದೇವೆ. ಕವಚವನ್ನು ಮೊದಲು ನೀಡಿದವನು ಅರಸನು, ಅದೂ ತನ್ನ ಸ್ವಂತದ್ದನ್ನು. ಅನೇಕ ವಿಷಯಗಳಲ್ಲಿ ತಪ್ಪಿದ ಸೌಲನು ಇಲ್ಲಿ ತನ್ನ ಕರ್ತವ್ಯದಲ್ಲಿ ತಪ್ಪಲಿಲ್ಲ. ಕೊಡುವುದು ಕಳುಹಿಸುವವನ ಹೊಣೆ. ಬೇಡವೆನ್ನುವುದು ಹೋಗುವವನ ಸ್ವಾತಂತ್ರ್ಯ. ಕೊಡದೆಯೇ ಇದ್ದವನು ದಾವೀದನ ನಂಬಿಕೆಯನ್ನು ಉದಾಹರಿಸುವುದು ವೇದವಾಕ್ಯದ ದುರುಪಯೋಗ.

ಅದೇ ದಾವೀದನು ಮುಂದೆ ಅರಸನಾದಾಗ ಮಾಡಿದ್ದೇನು? 2 ಸಮುವೇಲ 11ರಲ್ಲಿ ಊರೀಯನನ್ನು ಕಾಳಗವು ಘೋರವಾಗಿರುವಲ್ಲಿ ಮುಂದೆ ನಿಲ್ಲಿಸಿ, ಉಳಿದವರು ಹಿಂದೆ ಸರಿಯಬೇಕೆಂದು ಯೋವಾಬನಿಗೆ ಬರೆದನು. ಜೊತೆಗಾರರೇ ಯೋಧನ ಮೊದಲ ಕವಚ. ಆ ಕವಚವನ್ನು ದಾವೀದನು ಕಳಚಿಸಿದನು. ಕೊಂದದ್ದು ಅಮ್ಮೋನಿಯರ ಕತ್ತಿಯಾದರೂ ಪ್ರವಾದಿಯಾದ ನಾತಾನನು ಕೊಲೆಯನ್ನು ಹೊರಿಸಿದ್ದು ಅರಸನ ಮೇಲೆ. ತನ್ನ ರಕ್ಷಣೆಯನ್ನು ತಾನೇ ಬಿಡುವುದು ನಂಬಿಕೆಯಾಗಬಹುದು. ಇನ್ನೊಬ್ಬನ ರಕ್ಷಣೆಯನ್ನು ತೆಗೆಯುವುದು ರಕ್ತಾಪರಾಧ. 2003ರ ಮಾರ್ಚಿನಲ್ಲಿ ಇರಾಕಿನಲ್ಲಿ ಒಬ್ಬ ಬ್ರಿಟಿಷ್ ಸಾರ್ಜೆಂಟನು, ಕವಚಗಳು ಸಾಲದ ಕಾರಣ ತನ್ನದನ್ನು ಹಿಂದಿರುಗಿಸಬೇಕಾಗಿ ಬಂದು, ಕೆಲವೇ ದಿನಗಳಲ್ಲಿ ಗುಂಡಿಗೆ ಬಲಿಯಾದನು. ಅಲ್ಲಿ ದಾವೀದನ ದುರುದ್ದೇಶವಿರಲಿಲ್ಲ, ಸರಬರಾಜಿನ ಲೋಪವಿತ್ತು. ಆದರೂ ಹೊಣೆಯ ಪ್ರಶ್ನೆ ಅಳಿಯುವುದಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ ಓದಿನಲ್ಲಿಯೂ ಒಂದು ಎಡವಟ್ಟಿದೆ. ಗ್ರೀಕಿನ ‘ಪನೊಪ್ಲಿಯ’ ಎಂಬ ಪದಕ್ಕೆ ನಮ್ಮ ಸತ್ಯವೇದದಲ್ಲಿ ‘ಸರ್ವಾಯುಧಗಳು’ ಎಂಬ ಮಾತು ರೂಢಿಯಾಗಿದೆ. ಆದರೆ ಅಪೊಸ್ತಲನು ಎಣಿಸುವ ಆರರಲ್ಲಿ ನಡುಕಟ್ಟು, ಕವಚ, ಕೆರ, ಗುರಾಣಿ, ಶಿರಸ್ತ್ರಾಣ ಎಂಬ ಐದೂ ಮೈಗಾವಲುಗಳು, ಆಯುಧವೆನ್ನಬಹುದಾದದ್ದು ಕತ್ತಿಯೊಂದೇ. ‘ಆಯುಧ’ವೆಂಬ ಮಾತಿನಿಂದಾಗಿ ನಮ್ಮ ಪ್ರಸಂಗಗಳು ಹೋರಾಟವನ್ನೇ ಹಿಡಿದು ರಕ್ಷಣೆಯನ್ನು ಕೈಬಿಟ್ಟಿವೆ. ದೇವರು ತನ್ನವರನ್ನು ಬರಿಮೈಯಲ್ಲಿ ಕಳುಹಿಸುವುದಿಲ್ಲ ಎಂಬುದೇ ಆ ಭಾಗದ ಮೊದಲ ಅರ್ಥ. ಆತ್ಮಿಕ ಕವಚವನ್ನು ಸಾರುವವರು ಮೈಯ ಕವಚವನ್ನು ತುಚ್ಛೀಕರಿಸಿದರೆ ತಮ್ಮ ರೂಪಕದ ಬೇರನ್ನೇ ಕಿತ್ತಂತೆ.

ಕವಚವು ಹೇಡಿತನದ ಗುರುತು ಎಂಬ ಮಾತಿಗೂ ಈ ನೆಲದಲ್ಲಿ ಆಧಾರವಿಲ್ಲ. ಆನೆಗೊಂದಿಯ ಎದುರುದಡದ ವಿಜಯನಗರದಲ್ಲಿ ಸುಮಾರು 1520ರಲ್ಲಿ ಸೇನೆಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಹಸಿಚರ್ಮದ ಪದರಗಳಿಗೆ ಕಬ್ಬಿಣದ ಫಲಕಗಳನ್ನು ಸೇರಿಸಿದ ಅಂಗಿಗಳನ್ನು ವರ್ಣಿಸಿದ್ದಾನೆ. ವೀರರನ್ನು ಹಾಡಿದ ನಾಡೇ ಅವರ ಮೈಯನ್ನು ಕಾಯಲೂ ಬಲ್ಲದಾಗಿತ್ತು.

ಶಾಂತಿವಾದಿಗಳ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕವಚವು ಯುದ್ಧವನ್ನು ಸುಲಭವಾಗಿಸುತ್ತದೆ, ಅರಸರಿಗೆ ಧೈರ್ಯ ಕೊಡುತ್ತದೆ ಎಂದು ಅವರು ಹೇಳುತ್ತಾರೆ. ಕವಚವು ರಕ್ಷಕನಲ್ಲವೆಂಬುದೂ ನಿಜ. ಅಹಾಬನಿಗೆ ಬಾಣ ತಾಗಿದ್ದು ಕವಚದ ಸಂದಿನಲ್ಲಿಯೇ. ಆದರೆ ಯುದ್ಧ ಬೇಡವೆಂಬ ಮಾತನ್ನು ಯುದ್ಧವನ್ನು ಸಾರುವವರಿಗೆ ಹೇಳಬೇಕೇ ಹೊರತು, ಅದರ ಬೆಲೆಯನ್ನು ಸಾಮಾನ್ಯ ಸಿಪಾಯಿಯ ಎದೆಯಿಂದ ವಸೂಲು ಮಾಡಬಾರದು. ನೆಹೆಮೀಯನ ಜನರು ಪ್ರಾರ್ಥಿಸಿದರು, ಕಾವಲನ್ನೂ ಇಟ್ಟರು. ಗೋಡೆ ಕಟ್ಟುವವರ ಹಿಂದೆ ಗುರಾಣಿಗಳೂ ಕವಚಗಳೂ ಇದ್ದವು.

ಧರ್ಮೋಪದೇಶಕಾಂಡ 22:8ರ ನಿಯಮವು ನಮ್ಮ ಸೀಮೆಯ ಜನರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುವಂಥದು. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕುಂಬಿ ಕಟ್ಟಿಸಬೇಕು; ಇಲ್ಲವಾದರೆ ಬಿದ್ದವನ ರಕ್ತಾಪರಾಧ ಆ ಮನೆಯ ಮೇಲೆ. ಬಿದ್ದವನ ನಂಬಿಕೆ ಎಷ್ಟಿತ್ತೆಂದು ಆ ನಿಯಮ ಕೇಳುವುದಿಲ್ಲ. ಕಟ್ಟಿದವನು ಏನು ಮಾಡಿದನೆಂದು ಕೇಳುತ್ತದೆ. ರಾಜ್ಯವು ಯುವಕರನ್ನು ಎತ್ತರದ ಅಪಾಯಕ್ಕೆ ಏರಿಸುವುದಾದರೆ ಕುಂಬಿಯ ಹೊಣೆಯೂ ಅದರದೇ. ನೆತ್ತರುಗೊಡಗೆ ಎಷ್ಟೇ ಉದಾರವಾದರೂ ಕುಂಬಿಯ ಬದಲಿಗೆ ಸಲ್ಲದು.

ಆದುದರಿಂದ ಯೋಧನ ಶವಸಂಸ್ಕಾರದಲ್ಲಿ ವೀರಮರಣವನ್ನು ಕೊಂಡಾಡುವುದಕ್ಕೆ ನಾವು ತೋರುವ ಸಿದ್ಧತೆಯನ್ನು, ಅವನು ಹೊರಡುವ ದಿನ ಅವನ ಮೈಮೇಲೆ ಏನಿದೆಯೆಂದು ಕೇಳುವುದಕ್ಕೂ ತೋರಬೇಕು. ದಾವೀದನ ಕಥೆಯನ್ನು ಮುಂದಿನ ಸಾರಿ ಪ್ರಸಂಗಿಸುವಾಗ, ಊರೀಯನ ಹೆಂಡತಿಯೂ ಸಭೆಯಲ್ಲಿ ಕುಳಿತಿದ್ದಾಳೆಂದು ನೆನೆದು ಪ್ರಸಂಗಿಸೋಣ.