ಅವಘಡಕ್ಕೆ ಮುಂಚಿನ ಲೆಕ್ಕ

ಎಫ್‌ಎಂಇಎ ಎಂಬ ಅಪಾಯ ವಿಶ್ಲೇಷಣೆಯನ್ನು 1949ರಲ್ಲಿ ರೂಪಿಸಿದ್ದು ಅಮೆರಿಕದ ಸೇನೆ. ವಿಮಾನ, ಕಾರುಗಳ ಕಾರ್ಖಾನೆ ದಾಟಿ ಅದು ತೀವ್ರ ನಿಗಾ ಘಟಕಕ್ಕೂ ಬಂತು. ಕೆಲಸದ ಒಂದೊಂದು ಹಂತವನ್ನೂ ಬರೆದು, ಅದು ಎಲ್ಲಿ ಕೈಕೊಡಬಹುದೆಂದು ಮೊದಲೇ ಕೇಳುವುದು ಇದರ ಜಾಯಮಾನ. ಪರಿಣಾಮದ ತೀವ್ರತೆ, ಸಂಭವ, ಪತ್ತೆಯಾಗದೆ ಉಳಿಯುವ ಸಾಧ್ಯತೆ ಮೂರಕ್ಕೂ 1ರಿಂದ 10ರವರೆಗೆ ಅಂಕ. ಗುಣಿಸಿದರೆ ಗರಿಷ್ಠ 1000.

ತಲೆಗೆ ಪೆಟ್ಟಾದ ರೋಗಿಯನ್ನು ನೆಲಮಂಗಲದಿಂದ ನಿಮ್ಹಾನ್ಸ್‌ಗೆ ಸಾಗಿಸುವುದನ್ನೇ ನೋಡಬಹುದು. ಸುಮಾರು 1500 ಲೀಟರ್ ಆಮ್ಲಜನಕದ ಬಿ ಮಾದರಿ ಸಿಲಿಂಡರ್, ನಿಮಿಷಕ್ಕೆ 10 ಲೀಟರಿನಂತೆ 150 ನಿಮಿಷ ಬರುತ್ತದೆ. ಅರ್ಧ ಖಾಲಿಯಾಗಿದ್ದರೆ 75 ನಿಮಿಷ. ಪೀಣ್ಯದ ವಾಹನದಟ್ಟಣೆಯಲ್ಲಿ ಸಿಕ್ಕಿಬಿದ್ದರೆ ಅಷ್ಟು ಸಾಕೇ? ಹೊರಡುವ ಮುನ್ನ ಗೇಜ್ ನೋಡುವುದು, ಬದಲಿ ಸಿಲಿಂಡರ್, ಕೈಯಲ್ಲಿ ಒತ್ತುವ ಆಂಬು ಬ್ಯಾಗ್ ಇಡುವುದು, ಇವೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟುವ ಏರ್ಪಾಡುಗಳು.

ಘಟಕದೊಳಗಿನ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಇನ್ನೂ ಅಪಾಯಕಾರಿ. ನೋಡಲು ಶುದ್ಧ ನೀರಿನ ಆಂಪ್ಯೂಲಿನಂತೆಯೇ ಇರಬಹುದಾದ ಅದು ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲದು. ಎಚ್ಚರವಿರಲಿ ಎಂಬ ಸುತ್ತೋಲೆಯನ್ನು (ಅದನ್ನು ಓದುವವರಾದರೂ ಯಾರು!) ನಂಬುವುದಕ್ಕಿಂತ ಬೇರೆ ಬೀರುವಿನಲ್ಲಿ ಬೀಗ ಹಾಕಿಡುವುದು ವಾಸಿ.

ಅಂಕಗಳು ಬಹುಪಾಲು ಅಂದಾಜು. ಒಂದೇ ಹಂತಕ್ಕೆ ಎರಡು ತಂಡಗಳು ಬೇರೆ ಬೇರೆ ಅಂಕ ಕೊಡುವುದುಂಟು. ಆದರೂ ವೈದ್ಯರು, ನರ್ಸ್, ಆಂಬುಲೆನ್ಸ್ ಚಾಲಕರು ಒಟ್ಟಿಗೆ ಕೂತು ಆಡುವ ಮಾತಿನ ಬೆಲೆ ಆ ಅಂಕಗಳಿಗಿಂತ ಹೆಚ್ಚು.