ಇಂಗ್ಲಿಷ್ ವಾಕ್ಯದಲ್ಲಿ ವಿರೋಧಾರ್ಥಕ ಅವ್ಯಯಗಳು

ಇಂಗ್ಲಿಷಿನ 'ಬಟ್', 'ಆಲ್ದೋ' ಎಂಬ ಅವ್ಯಯಗಳೆರಡೂ ವಿರೋಧವನ್ನು ಸೂಚಿಸುತ್ತವೆಂದಷ್ಟೇ ಹೇಳಿ ಮುಂದೆ ಸಾಗುವುದು ನಮ್ಮ ತರಗತಿಗಳ ವಾಡಿಕೆ. ಈ ವಿವರಣೆ ಸಾಲದೆಂಬುದು ನಮ್ಮ ಅಭಿಪ್ರಾಯ.

1657ರಲ್ಲಿ ಪಾರ್ಲಿಮೆಂಟು ನೀಡಬಂದ ಕಿರೀಟವನ್ನು ಕ್ರಾಮ್‌ವೆಲ್ಲನು ನಿರಾಕರಿಸಿದನು. ಲಾರ್ಡ್ ಪ್ರೊಟೆಕ್ಟರ್ ಪದವಿಯನ್ನು ಉಳಿಸಿಕೊಂಡನು. 'ಹಿ ರೆಫ್ಯೂಸ್ಡ್ ದ ಕ್ರೌನ್, ಬಟ್ ಹಿ ಕೆಪ್ಟ್ ದ ಪವರ್' ಎಂದರೆ ಒತ್ತು ಅಧಿಕಾರದ ಮೇಲೆ ಬಿದ್ದು, ನಿರಾಕರಣೆಯು ಬರಿಯ ತೋರಿಕೆಯೆನಿಸುತ್ತದೆ. 'ಆಲ್ದೋ ಹಿ ಕೆಪ್ಟ್ ದ ಪವರ್, ಹಿ ರೆಫ್ಯೂಸ್ಡ್ ದ ಕ್ರೌನ್' ಎಂದರೆ ಅದೇ ನಿರಾಕರಣೆಯು ಸಂಯಮವಾಗಿ ಕಾಣುತ್ತದೆ. ಸಂಗತಿಗಳು ಅವೇ, ತೀರ್ಪು ಮಾತ್ರ ಬೇರೆ. 'ಬಟ್' ತನ್ನ ಮುಂದಿನ ಮಾತಿಗೆ ಬಲವೀಯುತ್ತದೆ. 'ಆಲ್ದೋ' ತಾನು ಸೇರಿದ ಮಾತನ್ನು ಒಪ್ಪಿಕೊಂಡು ಅಧೀನಗೊಳಿಸುತ್ತದೆ.

ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೆಣೆಯುವುದು ನಮ್ಮ ವಿದ್ಯಾರ್ಥಿಗಳಲ್ಲಿ ಕಂಡುಬರುವ ದೋಷ. 'ಆಲ್ದೋ' ಒಂದು ವಾಕ್ಯವನ್ನು ಅಧೀನಗೊಳಿಸಿದ ಮೇಲೆ, ಸಮಾನ ವಾಕ್ಯಗಳನ್ನು ಕೂಡಿಸುವ 'ಬಟ್'ಗೆ ಅಲ್ಲಿ ಕೆಲಸವಿಲ್ಲ. ಕನ್ನಡದಲ್ಲಿಯೂ 'ನಿರಾಕರಿಸಿದರೂ' ಎಂದ ಬಳಿಕ 'ಆದರೆ' ಬಾರದಷ್ಟೆ.

ಈ ವಿವೇಕವಿಲ್ಲದೆ ಇತಿಹಾಸಗ್ರಂಥಗಳನ್ನು ಓದುವವನು ಲೇಖಕನ ತೀರ್ಪನ್ನೇ ಸಂಗತಿಯೆಂದು ನಂಬಿಬಿಟ್ಟಾನು.