‘ವಸಾಹತೋತ್ತರ’ದೊಳಗಿನ ಉತ್ತರ

ಇಂಗ್ಲಿಷಿನ ಪೂರ್ವಪ್ರತ್ಯಯಗಳನ್ನು ಕಲಿಸುವಾಗ ‘ಪೋಸ್ಟ್’ ಎಂದರೆ ‘ನಂತರ’ ಎಂದು ಹೇಳಿ ಮುಂದಕ್ಕೆ ಹೋಗುವುದು ರೂಢಿ. ಪೋಸ್ಟ್‌ಮಾರ್ಟಮ್ ಎಂದರೆ ಮರಣೋತ್ತರ ಪರೀಕ್ಷೆ, ಪೋಸ್ಟ್‌ಗ್ರಾಜುಯೇಟ್ ಎಂದರೆ ಸ್ನಾತಕೋತ್ತರ. ಲ್ಯಾಟಿನ್ ಮೂಲದ ಈ ಪ್ರತ್ಯಯ ಪದದ ಮೊದಲಲ್ಲಿ ಬರುತ್ತದೆ. ನಮ್ಮ ‘ಉತ್ತರ’ ಕೊನೆಯಲ್ಲಿ. ಜಾಗ ಬದಲಾದರೂ ಅರ್ಥಕ್ಕೆ ಧಕ್ಕೆಯಿಲ್ಲ: ಒಂದು ಮುಗಿದ ಮೇಲೆ ಇನ್ನೊಂದು.

ತೊಡಕು ಶುರುವಾಗುವುದು ‘ಪೋಸ್ಟ್‌ಕಲೋನಿಯಲ್’ಗೆ ‘ವಸಾಹತೋತ್ತರ’ ಎಂದಾಗ. ಅದೇ ಲೆಕ್ಕದಲ್ಲಿ ಓದಿದರೆ ಇದು 1947ರ ನಂತರದ್ದು ಎಂದಷ್ಟೇ ಆಗುತ್ತದೆ. ಹಾಗಿದ್ದರೆ ‘ಸ್ವಾತಂತ್ರ್ಯೋತ್ತರ’ ಎಂಬ ಪದವೇ ಸಾಕಿತ್ತಲ್ಲ? ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರ ‘ಕಾಂತಾಪುರ’ವನ್ನು ನೋಡಿ. ಗಾಂಧೀಜಿಯ ಚಳವಳಿ ಪಶ್ಚಿಮಘಟ್ಟದ ಹಳ್ಳಿಯೊಂದನ್ನು ಹೊಕ್ಕ ಕಥೆಯನ್ನು ಅಜ್ಜಿಯೊಬ್ಬಳು ಹೇಳುತ್ತಾಳೆ. ಆಳುವವರ ಇಂಗ್ಲಿಷನ್ನೇ ಆಕೆಯ ಮಾತಿನ ಓಟಕ್ಕೆ ಬಗ್ಗಿಸಿದ ಕಾದಂಬರಿ ಅದು. ಪ್ರಕಟವಾದದ್ದು 1938ರಲ್ಲಿ. ಇಸವಿ ನೋಡಿ ವಿಂಗಡಿಸಿದರೆ ಅದು ವಸಾಹತೋತ್ತರದ ಹೊರಗೇ ಉಳಿಯುತ್ತದೆ.

ಆಶ್‌ಕ್ರಾಫ್ಟ್, ಗ್ರಿಫಿತ್ಸ್ ಮತ್ತು ಟಿಫಿನ್ 1989ರ ‘ದಿ ಎಂಪೈರ್ ರೈಟ್ಸ್ ಬ್ಯಾಕ್’ ಕೃತಿಯಲ್ಲಿ ಈ ಬೇಲಿ ಕಿತ್ತರು. ವಸಾಹತೀಕರಣ ಆರಂಭವಾದ ಗಳಿಗೆಯಿಂದ ಇಂದಿನವರೆಗೆ ಅದರ ಪರಿಣಾಮಕ್ಕೆ ಒಳಗಾದ ಸಂಸ್ಕೃತಿಯೆಲ್ಲ ಅವರ ಪ್ರಕಾರ ಈ ಪದದ ವ್ಯಾಪ್ತಿಗೆ ಬರುತ್ತದೆ. ಆದರೆ 1992ರಲ್ಲಿ ಆನ್ ಮೆಕ್ಲಿಂಟಾಕ್ ಆ ‘ಪೋಸ್ಟ್’ ಅನ್ನೇ ಪ್ರಶ್ನಿಸಿದರು. ವಸಾಹತುಶಾಹಿಯನ್ನು ನಡುಗಂಬವಾಗಿ ನಿಲ್ಲಿಸಿ, ಲೋಕದ ಚರಿತ್ರೆಯನ್ನೆಲ್ಲ ಅದರ ಹಿಂದೆ ಮುಂದೆ ಜೋಡಿಸುವ ಪದವಿದು ಎಂಬುದು ಅವರ ಆಕ್ಷೇಪ. ಮುಗಿಯದಿರುವುದನ್ನು ಮುಗಿಯಿತೆಂದು ಸಾರುವ ಅಪಾಯವೂ ಅದಕ್ಕಿದೆ.

ಈ ಆಕ್ಷೇಪ ಕನ್ನಡದ ಪದಕ್ಕೂ ತಾಗುತ್ತದೆ. ಆದರೆ ಕನ್ನಡದಲ್ಲಿ ಇನ್ನೊಂದು ದಾರಿಯಿದೆ. ‘ಉತ್ತರ’ ಎಂದರೆ ನಂತರದ್ದು ಮಾತ್ರವಲ್ಲ, ಮರುಮಾತು ಕೂಡ. ಪದ ಟಂಕಿಸಿದವರ ಮನಸ್ಸಿನಲ್ಲಿ ಇದ್ದದ್ದು ಮೊದಲ ಅರ್ಥವೇ ಇರಬಹುದು. ಎರಡನೆಯದನ್ನು ಕೇಳಿಸಿಕೊಳ್ಳಲು ಓದುಗರಿಗೆ ಅಡ್ಡಿಯಿಲ್ಲ. ಹಾಗೆ ಕೇಳಿಸಿಕೊಂಡರೆ ವಸಾಹತೋತ್ತರವೆಂದರೆ ವಸಾಹತಿಗೆ ಕೊಟ್ಟ ಉತ್ತರ. ಉತ್ತರ ಕೊಡಲು ಎದುರಾಳಿ ಹೊರಟುಹೋಗುವವರೆಗೆ ಕಾಯಬೇಕಿಲ್ಲ. ‘ಕಾಂತಾಪುರ’ದ ಅಜ್ಜಿ ಕಾಯಲಿಲ್ಲ.

ಎಲ್ಲ ‘ಪೋಸ್ಟ್’ಗಳಿಗೂ ಈ ಓದು ಒಗ್ಗುವುದಿಲ್ಲ. ಮರಣೋತ್ತರ ಪರೀಕ್ಷೆ ಮರಣಕ್ಕೆ ಕೊಟ್ಟ ಉತ್ತರವಲ್ಲ. ಆದ್ದರಿಂದ ಪ್ರತ್ಯಯಗಳ ಪಟ್ಟಿ ಕೈಯಲ್ಲಿರಲಿ, ಆದರೆ ಪ್ರತಿ ಪದವನ್ನೂ ಅದರ ಜಾಗದಲ್ಲೇ ಪರೀಕ್ಷಿಸಬೇಕು. ಕೃತಿಯೊಂದನ್ನು ವಸಾಹತೋತ್ತರ ಎನ್ನುವ ಮುನ್ನ ಅದು ಯಾವಾಗ ಬಂತು ಎಂದಷ್ಟೇ ಕೇಳಿದರೆ ಸಾಲದು, ಯಾವ ಮಾತಿಗೆ ಎದುರಾಡುತ್ತಿದೆ ಎಂದೂ ಕೇಳಬೇಕು.